ಮಂಗಳ ಗ್ರಹ ನೋಡಿ ಹೊಸದು ಅಂದ ಪ್ರೊಫೆಸರು!

ಪ್ರಶ್ನೆ (ದಾವಣಗೆರೆಯಿಂದ): ಸರ್, ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಪಶ್ಚಿಮಕ್ಕೆ ಭಾರಿ ಹೊಳೆಯೋ ಚುಕ್ಕಿ ಕಾಣ್ತು, ಏನೋ ಹೊಸದು ಅಂದೆ, ಮಗಳು ಆಪ್ ತೆಗೆದು ಶುಕ್ರ ಅಂತ ತೋರಿಸಿದ್ಲು. ನಾವು ಬಿಡಿ, ವಿಜ್ಞಾನಿಗಳೂ ಹಿಂಗೆ ಯಾಮಾರ್ತಾರಾ?

ಯಾಮಾರ್ತಾರೆ, ಅದೂ ಊರಿಗೆಲ್ಲ ಡಂಗುರ ಹೊಡೆದು. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಯೂನಿವರ್ಸಿಟಿಯ ಪೀಟರ್ ಡನ್ಸ್‌ಬಿ ಅನ್ನೋ ಪ್ರೊಫೆಸರು, ಧನು ರಾಶಿಲಿ ಲಗೂನ್ ಮತ್ತೆ ಟ್ರಿಫಿಡ್ ನೀಹಾರಿಕೆಗಳ ಹತ್ರ ಭಾರಿ ಬೆಳಕು ಕಾಣಿಸ್ಕೊಂಡಿದೆ, ಮಾರ್ಚ್ 8ಕ್ಕೆ ಅಲ್ಲಿ ಇರ್ಲಿಲ್ಲ, ಎಲ್ರೂ ನೋಡಿ ಅಂತ ಜಗತ್ತಿನ ಖಗೋಳದೋರಿಗೆಲ್ಲ ಅರ್ಜೆಂಟ್ ಮೆಸೇಜ್ ಹಾಕಿಬಿಟ್ರು. ಮುಕ್ಕಾಲು ಗಂಟೆ ಒಳಗೆ ಅವ್ರೇ ಇನ್ನೊಂದು ಹಾಕಿದ್ರು, ಅದು ಮಂಗಳ, ಸಾರಿ ಅಂತ. ಗ್ರಹ ಅಂದ್ಮೇಲೆ ಜಾಗ ಬದಲಾಯ್ಸದೆ ಇರುತ್ತಾ!

ನಂಗೆ ಇದಕ್ಕಿಂತ ಇಷ್ಟ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ಟೆಲಿಸ್ಕೋಪ್ ಕಥೆ. 64 ಮೀಟರ್ ಅಗಲದ ಡಿಶ್ ಅದು, 1998ರಿಂದ ಅದರ ರೆಕಾರ್ಡಲ್ಲಿ ಆಗಾಗ ಒಂದು ವಿಚಿತ್ರ ಸಿಗ್ನಲ್ ಬಂದಿದೆ, ಪೆರಿಟಾನ್ ಅಂತ ಹೆಸರೂ ಇಟ್ರು, ಆದ್ರೆ ತಮಾಷೆ ಏನಂದ್ರೆ ಅದು ಬರೋದು ಹಗಲೊತ್ತು, ಹೆಚ್ಚಾಗಿ ಊಟದ ಟೈಮಿಗೆ. ಆಕಾಶಕ್ಕೆ ಯಾವ ಲಂಚ್ ಬ್ರೇಕು ಹೇಳಿ? 2015ರಲ್ಲಿ ಎಮಿಲಿ ಪೆಟ್ರೋಫ್ ಮತ್ತೆ ಜೊತೆಯೋರು ಪತ್ತೆ ಹಚ್ಚಿದ್ರು, ಕಳ್ಳ ಅಲ್ಲೇ ಕ್ಯಾಂಪಸ್‌ನಲ್ಲಿದ್ದ ಮೈಕ್ರೋವೇವ್ ಓವನ್. ಟೈಮ್ ಮುಗಿಯೋ ಮುಂಚೆನೇ ಯಾರಾದ್ರೂ ಬಾಗಿಲು ಎಳೆದ್ರೆ, ಒಳಗೆ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನ್ ಅನ್ನೋ ಭಾಗ ಆಫ್ ಆಗೋ ಆ ಕ್ಷಣದಲ್ಲಿ ರೇಡಿಯೋ ಅಲೆ ಹೊರಗೆ ಬರುತ್ತೆ, ಡಿಶ್ ಆ ಕಡೆ ತಿರುಗಿದ್ರೆ ಅದನ್ನೂ ಹಿಡ್ಕೊಳ್ಳುತ್ತೆ. ಪಾಪ, ಇದೇ ಟೆಲಿಸ್ಕೋಪ್ ಡೇಟಾದಲ್ಲಿ 2007ರಲ್ಲಿ ಸಿಕ್ಕ ನಿಜವಾದ ಫಾಸ್ಟ್ ರೇಡಿಯೋ ಬರ್ಸ್ಟ್, ಅಂದ್ರೆ ದೂರದ ಆಕಾಶದಿಂದ ಕ್ಷಣಮಾತ್ರ ಬಂದುಹೋಗೋ ರೇಡಿಯೋ ಮಿಂಚಿನ ಮೇಲೂ ಇದರಿಂದ ಅನುಮಾನ ಬಂದಿತ್ತು, ಓವನ್ ಸಿಕ್ಕಿಬಿದ್ದು ಅದು ಬಚಾವಾಯ್ತು.

1960ರ ದಶಕದಲ್ಲಿ ಫ್ರಾನ್ಸ್‌ನ ಒಂದು ವೀಕ್ಷಣಾಲಯದೋರಿಗೆ ನಕ್ಷತ್ರದ ಬೆಳಕಲ್ಲಿ ಇದ್ದಕ್ಕಿದ್ದಂಗೆ ಪೊಟ್ಯಾಸಿಯಂ ಕಂಡಿತ್ತು, ಕೊನೆಗೆ ನೋಡಿದ್ರೆ ಅದು ಯಾರೋ ಪಕ್ಕದಲ್ಲೇ ಗೀರಿದ ಬೆಂಕಿಕಡ್ಡಿಲಿದ್ದ ಪೊಟ್ಯಾಸಿಯಂ.

ಈಗಲೂ ನಿಂತಿಲ್ಲ. 2025ರ ಜನವರಿಲಿ ಹೊಸ ಕ್ಷುದ್ರಗ್ರಹ ಅಂತ 2018 ಸಿಎನ್41 ಅನ್ನೋ ನಂಬರ್ ಕೊಟ್ಟು ಪಟ್ಟಿಗೆ ಸೇರಿಸಿದ್ರು, ಒಂದು ದಿನ ಕಳೆಯೋದ್ರೊಳಗೆ ತೆಗೆದೂ ಹಾಕಿದ್ರು, ಯಾಕಂದ್ರೆ ಅದು 2018ರಲ್ಲಿ ಎಲಾನ್ ಮಸ್ಕ್ ರಾಕೆಟ್‌ಗೆ ಹತ್ತಿಸಿ ಕಳಿಸಿದ್ದ ಟೆಸ್ಲಾ ಕಾರು.