ಖಾಸಗಿ ಫಿಸಿಯೋಥೆರಪಿ ಕ್ಲಿನಿಕ್: ಮೊದಲ ಭೇಟಿಯಲ್ಲಿ ಮಷೀನ್‌ಗಿಂತ ಮುಂಚೆ ನಡೆಯುವುದೇನು?

ಬಿಪಿಟಿ (ಫಿಸಿಯೋಥೆರಪಿ ಪದವಿ) ಓದುತ್ತಾ ಕ್ಲಿನಿಕ್ ಪೋಸ್ಟಿಂಗ್‌ಗೆ ಹೊರಟಿರುವ ಜೂನಿಯರ್‌ಗಳಿಗೆ ಈ ಟಿಪ್ಪಣಿ. ಆಸ್ಪತ್ರೆಯ ಓಪಿಡಿಯಾದರೂ ಬೆಳಗಾವಿಯ ಖಾಸಗಿ ಕ್ಲಿನಿಕ್ ಆದರೂ ಓದಿದ ಪಾಠ ಒಂದೇ. ಆದರೆ ಇಲ್ಲಿ ರೋಗಿ ಗೋಕಾಕಿನಿಂದಲೋ ಅಥಣಿಯಿಂದಲೋ ಬಸ್ ಹಿಡಿದು, ಕೈಯಿಂದ ಫೀಸು ಕೊಟ್ಟು ಬಂದಿರುತ್ತಾರೆ. ನೀವು ಹತ್ತು ನಿಮಿಷ ಬರೀ ಪ್ರಶ್ನೆ ಕೇಳುತ್ತಾ ಕೂತರೆ, "ಮಷೀನ್ ಯಾವಾಗ ಹಚ್ಚತೀರಿ, ಡಾಕ್ಟರ್ರ?" ಅಂತ ಕೇಳೇ ಕೇಳುತ್ತಾರೆ. ಮೊದಲ ದಿನ ಮಷೀನ್ ಹಚ್ಚದೆಯೂ ಇರಬಹುದು ಅಂತ ಶುರುವಿನಲ್ಲೇ ಹೇಳಿಬಿಡಿ. ಮೊದಲ ಭೇಟಿಗೆ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ಜಾಸ್ತಿ ಹೊತ್ತು ಮಾತು ಮತ್ತು ತಪಾಸಣೆಗೇ ಹೋಗುತ್ತದೆ.

ಅಪಾಯಿಂಟ್‌ಮೆಂಟ್ ಕೊಡುವಾಗಲೇ ಫೋನಿನಲ್ಲಿ ಹೇಳಬೇಕಾದ್ದು ಸ್ವಲ್ಪವೇ: ಹಳೆಯ ಎಕ್ಸ್‌ರೇ, ಎಂಆರ್‌ಐ, ಡಿಸ್ಚಾರ್ಜ್ ಕಾರ್ಡ್, ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಚೀಟಿ ತರಲಿ. ಮೊಣಕಾಲು ನೋವಿದ್ದರೆ ಸಡಿಲ ಬಟ್ಟೆ ಹಾಕಿಕೊಂಡು ಬರಲಿ. ಹೆಣ್ಣುಮಕ್ಕಳು ಜೊತೆಗೆ ಯಾರನ್ನಾದರೂ ಕರೆತರುವುದಾದರೆ ಕರೆತರಲಿ, ಒಳಗೂ ಕೂರಿಸಿಕೊಳ್ಳಿ. ಮುಟ್ಟುವ ಮುಂಚೆ ಎಲ್ಲಿ ಮುಟ್ಟುತ್ತೇವೆ, ಯಾಕೆ ಅಂತ ಹೇಳಿ ಒಪ್ಪಿಗೆ ಕೇಳಬೇಕು. ಇದು ಸುಮ್ನೆ ಮರ್ಯಾದೆಯ ಮಾತಲ್ಲ, ತಪಾಸಣೆಯ ಭಾಗವೇ.

ಇನ್ನು ಪ್ರಶ್ನೆಗಳು. ನೋವು ಎಲ್ಲಿ, ಯಾವಾಗಿನಿಂದ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಷ್ಟು. ಇಷ್ಟು ಎಲ್ಲರಿಗೂ ಬಾಯಿಪಾಠ. ನಾವು ಬಿಟ್ಟುಬಿಡುವುದು ಕೆಲಸದ ವಿವರ. "ಹೊಲದ ಕೆಲಸ" ಅಂತ ಬರೆದುಕೊಂಡರೆ ಏನೂ ತಿಳಿಯಲ್ಲ. ವಿಜಯಪುರ ಕಡೆಯ ದ್ರಾಕ್ಷಿ ತೋಟದವರಾದರೆ ಚಾಟನಿ ಸಮಯದಲ್ಲಿ ಇಡೀ ದಿನ ಕೈ ಮೇಲೆತ್ತಿ ಬಳ್ಳಿ ಕತ್ತರಿಸುತ್ತಾರೆ. ಇಳಕಲ್ಲಿನ ನೇಕಾರರಾದರೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಕಾಲಿನಿಂದ ತುಳಿಯುತ್ತಾ ಮುಂದಕ್ಕೆ ಬಾಗಿರುತ್ತಾರೆ. ಇಬ್ಬರೂ "ಭುಜ ನೋಯ್ತದ್ರಿ" ಅಂದರೂ ಕಾರಣ ಒಂದೇ ಇರಬೇಕಿಲ್ಲ. ಮುಂಚೆ ನಾಟಿ ವೈದ್ಯರ ಹತ್ತಿರ ಹೋಗಿದ್ದರಾ, ತಿಕ್ಕಿಸಿಕೊಂಡಿದ್ದರಾ ಅಂತಲೂ ಕೇಳಿ. ನೀವು ಮುಖ ಸಿಂಡರಿಸಿದರೆ ಅವರು ಮುಂದಿನ ಸಲ ಹೇಳುವುದೇ ಇಲ್ಲ.

ಭುಜದ ಉದಾಹರಣೆಯನ್ನೇ ಹಿಡಿಯೋಣ, ಪರೀಕ್ಷೆಗೂ ಬರುತ್ತದೆ. ದ್ರಾಕ್ಷಿ ತೋಟದವರು, ವಯಸ್ಸು ಐವತ್ತರ ಆಸುಪಾಸು, ಬಲಗೈ ಮೇಲೇಳುತ್ತಿಲ್ಲ. ಮೊದಲು ಅವರೇ ಕೈ ಎತ್ತಲಿ. ಆಮೇಲೆ ಅವರು ಕೈ ಸಡಿಲ ಬಿಡಲಿ, ನೀವು ಎತ್ತಿ. ಅವರಿಗೆ ಎತ್ತಲು ಆಗುತ್ತಿಲ್ಲ, ನೀವು ಎತ್ತಿದರೆ ಪೂರ್ತಿ ಮೇಲೆ ಹೋಗುತ್ತದೆ ಅಂದರೆ ಕೀಲು ಸಡಿಲವಾಗೇ ಇದೆ; ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಇಲ್ಲವೇ ನರದ ಕಡೆ ಅನುಮಾನ ಹೋಗಬೇಕು. ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿ ನಡುವೆ ಮಾತ್ರ ನೋವು ಬಂದು, ಅದರ ಮೇಲೆ ಹಗುರಾದರೆ, ಭುಜದ ಮೇಲಿನ ಎಲುಬಿನ ಕೆಳಗೆ ಸ್ನಾಯುರಜ್ಜು ಕೆರಳಿರಬಹುದು. ಕೈ ಎತ್ತಿಯೇ ದುಡಿಯುವವರಲ್ಲಿ ಇದನ್ನು ಮರೆಯದೆ ನೋಡಿ.

ನೀವು ಎತ್ತಿದರೂ ಹೋಗುತ್ತಿಲ್ಲವಾ? ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿ. ಅದೇ ಎಲ್ಲಕ್ಕಿಂತ ಜಾಸ್ತಿ ಬಿಗಿದಿದ್ದರೆ ಫ್ರೋಜನ್ ಶೋಲ್ಡರ್ (ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ) ನೆನಪಾಗಬೇಕು. ಕೂಡಲೇ ಕೇಳುವ ಪ್ರಶ್ನೆ, "ಶುಗರ್ ಐತೇನ್ರಿ?" ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಪೂರ್ತಿ ಬಿಡಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು ಅಂತ ಮೊದಲ ದಿನವೇ ಹೇಳಿ. ಹತ್ತು ದಿನದ ಪ್ಯಾಕೇಜ್‌ನಲ್ಲಿ ವಾಸಿ ಮಾಡುತ್ತೇವೆ ಅನ್ನುವುದು ನನ್ನ ಪ್ರಕಾರ ಸುಳ್ಳು ಹೇಳಿದಂತೆ.

ಮೊಣಕಾಲಾದರೆ ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಹಿಡಿಯಿರಿ. ನಡುಬಿಂದು ತೊಡೆಯೆಲುಬಿನ ಹೊರಗಂಟಿನ ಮೇಲೆ, ಒಂದು ತೋಳು ಸೊಂಟದ ಪಕ್ಕದ ಗಂಟಿನ ಕಡೆಗೆ, ಇನ್ನೊಂದು ಹಿಮ್ಮಡಿ ಪಕ್ಕದ ಹೊರಗಂಟಿನ ಕಡೆಗೆ. ಅಂದಾಜಿನಲ್ಲಿ "ಅರ್ಧ ಮಡಚುತ್ತದೆ" ಅಂತ ಬರೆದರೆ ಮುಂದಿನ ವಾರ ಹೋಲಿಸಲು ಏನೂ ಇರಲ್ಲ. ಕುರ್ಚಿಯಲ್ಲಿ ಕೂರಲು ಸುಮಾರು 90 ಡಿಗ್ರಿ ಸಾಕು. ಕುಕ್ಕರಗಾಲಲ್ಲಿ ಕೂರಲು 130ಕ್ಕೂ ಜಾಸ್ತಿ ಬೇಕು. ಹೀಗಾಗಿ ಗುರಿ ಬರೆಯುವ ಮುಂಚೆ ಮನೆಯಲ್ಲಿ ಒಲೆ ನೆಲದ ಮೇಲಿದೆಯಾ, ಕಟ್ಟೆಯ ಮೇಲಾ, ಸಂಡಾಸು ಯಾವ ಥರದ್ದು ಅಂತ ಕೇಳಲೇಬೇಕು. ಸ್ನಾಯುವಿನ ಬಲವನ್ನು 0ಯಿಂದ 5ರ ಅಳತೆಯಲ್ಲಿ ಬರೆಯಿರಿ. ಭೂಮಿಯ ಸೆಳೆತದ ವಿರುದ್ಧ ಪೂರ್ತಿ ಎತ್ತಬಲ್ಲರು, ನೀವು ಸ್ವಲ್ಪ ಒತ್ತಿದರೂ ತಡೆಯಲಾರರು ಅಂದರೆ 3.

ಮಷೀನ್ ವಿಷಯಕ್ಕೆ ಬರೋಣ. ಚರ್ಮದ ಮೇಲಿಂದ ಸಣ್ಣ ಕರೆಂಟ್ ಹರಿಸುವ ಟೆನ್ಸ್, ಐಎಫ್‌ಟಿ ನೋವು ತಗ್ಗಿಸಬಹುದು, ಅಷ್ಟು ಹೊತ್ತಿನಲ್ಲಿ ವ್ಯಾಯಾಮ ಮಾಡಿಸಲು ಅನುಕೂಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಕರೆಂಟ್ ಹಚ್ಚುವ ಮಾತೇ ಬೇಡ. ಒಳಗೆ ರಾಡು, ಪ್ಲೇಟು ಇರುವ ಜಾಗಕ್ಕೆ ಆಳದವರೆಗೆ ಶಾಖ ಕೊಡುವ ಶಾರ್ಟ್‌ವೇವ್ ಬೇಡ, ಗರ್ಭಿಣಿಯರಿಗೂ ಬೇಡ. ಶಾಖ ಕೊಡುವ ಮುಂಚೆ ಎರಡು ಟೆಸ್ಟ್ ಟ್ಯೂಬ್ ತಗೊಳ್ಳಿ. ಒಂದರಲ್ಲಿ ಬಿಸಿ ನೀರು, ಒಂದರಲ್ಲಿ ತಣ್ಣೀರು. ರೋಗಿ ಕಣ್ಣು ಮುಚ್ಚಿರಲಿ. ಒಂದಾದ ಮೇಲೊಂದು ಚರ್ಮಕ್ಕೆ ತಾಗಿಸಿ, ಯಾವುದು ಯಾವುದು ಅಂತ ಕೇಳಿ, ಸರದಿಯನ್ನು ಆಗಾಗ ಬದಲಿಸಿ. ಶುಗರ್‌ನಿಂದ ಪಾದ ಜೋಮು ಹಿಡಿದವರು ತಪ್ಪು ಹೇಳಿದರೆ ಅಲ್ಲಿ ಶಾಖ ಕೊಡಬೇಡಿ. ಸುಟ್ಟರೂ ಅವರಿಗೆ ಗೊತ್ತಾಗಲ್ಲ.

ಒಂದಿಷ್ಟು ಜನರನ್ನು ಟ್ರೀಟ್‌ಮೆಂಟ್‌ಗೇ ತೆಗೆದುಕೊಳ್ಳಬಾರದು. ಸೊಂಟನೋವಿನ ಜೊತೆ ಮೂತ್ರ, ಮಲ ಹಿಡಿತ ತಪ್ಪಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಅವತ್ತೇ ಆಸ್ಪತ್ರೆಗೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದು, ಇವಿದ್ದರೂ ಮೊದಲು ವೈದ್ಯರು ನೋಡಲಿ. ಫೀಸು ತಪ್ಪಿತು ಅಂತ ಕ್ಲಿನಿಕ್ ಮುಚ್ಚಿಹೋಗಲ್ಲ.

ಮನೆಗೆ ಕೊಡುವ ವ್ಯಾಯಾಮ ಎರಡು ಮೂರು ಸಾಕು. ಎಂಟು ಹತ್ತು ಬರೆದುಕೊಟ್ಟರೆ ಒಂದೂ ಮಾಡಲ್ಲ. ನಿಮ್ಮ ಮುಂದೆಯೇ ಒಂದು ಸಲ ಮಾಡಿ ತೋರಿಸಲಿ. ವ್ಯಾಯಾಮದ ನಂತರದ ನೋವು ಮರುದಿನದೊಳಗೆ ಇಳಿದರೆ ಮುಂದುವರಿಸಲಿ, ಇಳಿಯದಿದ್ದರೆ ಎಣಿಕೆ ಕಡಿಮೆ ಮಾಡಲಿ. ಅಥಣಿಯಿಂದ ದಿನಾ ಬರಲು ಆಗುತ್ತಾ ಅಂತ ಕೇಳಿಯೇ ಮುಂದಿನ ಭೇಟಿಗಳನ್ನು ಬರೆಯಿರಿ. ಒಂದು ಭೇಟಿಗೆ ಎಷ್ಟು, ಮನೆಗೆ ಬಂದರೆ ಎಷ್ಟು ಅನ್ನುವುದನ್ನೂ ಅವತ್ತೇ ಹೇಳಿ, ರಸೀದಿ ಕೊಡಿ.

ಎರಡನೇ ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ದಿನ ಅಳೆದ ಕೋನವನ್ನೇ ಅದೇ ಭಂಗಿಯಲ್ಲಿ ಮತ್ತೆ ಅಳೆದು, ಹಳೆಯ ಅಂಕಿಯ ಪಕ್ಕ ಬರೆದು ರೋಗಿಗೂ ತೋರಿಸಿ. ಕೆಲವು ವಾರ ಕಳೆದರೂ ಅಂಕಿ ಅಲ್ಲೇ ನಿಂತಿದ್ದರೆ, ಆ ಹಾಳೆಯ ಜೊತೆಗೇ ಎಲುಬು-ಕೀಲು ಡಾಕ್ಟರಿಗೆ ಪತ್ರ ಬರೆದು ಕಳಿಸಿ.