ಟ್ರಾನ್ಸ್‌ಪೋರ್ಟ್‌ನವರ ಲಾರಿ ಲೀಸಿಗೆ ತಗೊಳ್ಳಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವನು. ಹನ್ನೊಂದು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಈಗ ಕೆಲಸ ಮಾಡುತ್ತಿರುವ ಟ್ರಾನ್ಸ್‌ಪೋರ್ಟ್‌ನವರೇ ಐದು ವರ್ಷ ಹಳೆಯ ಹತ್ತು ಚಕ್ರದ ಗಾಡಿಯನ್ನು ಲೀಸಿಗೆ ಕೊಡ್ತೀವಿ ಅಂತಿದ್ದಾರೆ. ಮೊದಲು ಒಂದೂವರೆ ಲಕ್ಷ ಕಟ್ಟಬೇಕು, ಆಮೇಲೆ ತಿಂಗಳಿಗೆ 48,000. ನಾಲ್ಕು ವರ್ಷ ಕಟ್ಟಿದರೆ ಗಾಡಿ ನನ್ನ ಹೆಸರಿಗೆ. ಲೋಡ್ ಅವರೇ ಕೊಡ್ತಾರಂತೆ. ತಗೊಳ್ಳಬಹುದಾ?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಕಂತು ಜಾಸ್ತಿಯಾಯ್ತಾ ಅಂತಲೇ ಕೇಳುತ್ತಾರೆ. ನನ್ನ ಕಣ್ಣು ಹೋಗಿದ್ದು ನಿಮ್ಮ ಪತ್ರದ ಕೊನೆಗೆ. ‘ಲೋಡ್ ಅವರೇ ಕೊಡ್ತಾರಂತೆ.’ ಇದರಲ್ಲಿ ಲಾಭ ಇರುವುದೂ ಅಲ್ಲೇ, ಕುತ್ತು ಇರುವುದೂ ಅಲ್ಲೇ.

ಮೊದಲು ಲಾಭ ಹೇಳಿಬಿಡುತ್ತೇನೆ. ಬ್ಯಾಂಕಿಗೆ ಹೋದರೆ ಸಿಬಿಲ್ ಸ್ಕೋರ್ ಕೇಳುತ್ತಾರೆ, ಜಾಮೀನು ಕೇಳುತ್ತಾರೆ, ಕೈಯಿಂದ ಹಾಕಲು ದೊಡ್ಡ ಮೊತ್ತ ಬೇಕು. ಬಾಟಾ (ಟ್ರಿಪ್ಪಿಗೆ ಕೊಡುವ ಭತ್ಯೆ) ಮೇಲೆ ಬದುಕಿದ ಡ್ರೈವರ್ ಹತ್ತಿರ ಇದ್ಯಾವುದೂ ಇರುವುದಿಲ್ಲ. ಟ್ರಾನ್ಸ್‌ಪೋರ್ಟ್‌ನವರು ನಿಮ್ಮ ಕೈ, ನಿಮ್ಮ ನಡತೆ ನೋಡಿ ಗಾಡಿ ಕೊಡುತ್ತಿದ್ದಾರೆ. ರಿಟರ್ನ್ ಲೋಡಿಗೆ ಬ್ರೋಕರ್ ಹಿಂದೆ ಅಲೆಯಬೇಕಿಲ್ಲ. ಬೆಂಗಳೂರಿಂದ ಖಾಲಿ ಬಂದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾ? ಲೀಟರಿಗೆ 4 ಕಿಲೋಮೀಟರ್ ಅಂತ ಹಿಡಿದರೂ 300 ಕಿಲೋಮೀಟರಿಗೆ 75 ಲೀಟರ್ ಡೀಸೆಲ್ ನೀರಿನಂತೆ ಹೋಯ್ತು.

ಈಗ ಕಂತಿನ ಲೆಕ್ಕ. 48,000ದಂತೆ 48 ತಿಂಗಳು ಅಂದರೆ 23,04,000. ಮುಂಗಡ ಸೇರಿದರೆ 24,54,000. ಇಷ್ಟಕ್ಕೇ ಗಾಬರಿಯಾಗಬೇಡಿ, ಸಾಲ ತೆಗೆದರೂ ಬಡ್ಡಿ ಇದ್ದೇ ಇರುತ್ತದೆ. ಹೀಗೆ ನೋಡಿ: ಶೇಕಡ 12ರ ಬಡ್ಡಿಯಲ್ಲಿ, ಇದೇ ಕಂತಿಗೆ, ನಾಲ್ಕು ವರ್ಷಕ್ಕೆ ಸುಮಾರು 18 ಲಕ್ಷ ಸಾಲ ಹುಟ್ಟುತ್ತದೆ. ಅದಕ್ಕೆ ನಿಮ್ಮ ಒಂದೂವರೆ ಲಕ್ಷ ಸೇರಿಸಿ. ಅಂದರೆ ಅವರು ಆ ಗಾಡಿಯನ್ನು ನಿಮಗೆ ಹತ್ತೊಂಬತ್ತೂವರೆ ಲಕ್ಷಕ್ಕೆ ಮಾರುತ್ತಿದ್ದಾರೆ. ಅದೇ ಮಾಡೆಲ್, ಅದೇ ವರ್ಷದ ಗಾಡಿ ಹೊರಗೆ ಎಷ್ಟಕ್ಕೆ ಹೋಗುತ್ತಿದೆ ಅಂತ ಇಬ್ಬರು ಬ್ರೋಕರ್‌ಗಳನ್ನು ಕೇಳಿ. ಹದಿನಾಲ್ಕಕ್ಕೆ ಸಿಗುತ್ತದೆ ಅಂದರೆ ಉಳಿದ ಐದೂವರೆ ಲಕ್ಷ ನೀವು ಕೊಡುತ್ತಿರುವುದು ‘ಲೋಡ್ ಅವರೇ ಕೊಡ್ತಾರಂತೆ’ ಅನ್ನುವ ಮಾತಿಗೆ.

ಆ ಮಾತು ಅಗ್ರಿಮೆಂಟಿನಲ್ಲಿ ಇದೆಯಾ? ತಿಂಗಳಿಗೆ ಇಂತಿಷ್ಟು ಟ್ರಿಪ್ ಅಥವಾ ಇಂತಿಷ್ಟು ಕಿಲೋಮೀಟರ್ ಅಂತ ಬರೆದಿದ್ದಾರಾ? ನಾನು ನೋಡಿದ ಅಗ್ರಿಮೆಂಟುಗಳಲ್ಲಿ ಕಂತಿನ ತಾರೀಖು ದಪ್ಪ ಅಕ್ಷರದಲ್ಲಿತ್ತು, ಲೋಡಿನ ಸುದ್ದಿಯೇ ಇರಲಿಲ್ಲ.

ನಮ್ಮ ಭಾವ ಹೀಗೇ ಒಂದು ಗಾಡಿ ತಗೊಂಡಿದ್ದರು. ಅವರ ಒಂದು ಜುಲೈ ತಿಂಗಳ ಸೆಟ್ಲ್‌ಮೆಂಟ್ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಬಾಡಿಗೆ 1,18,000. ಡೀಸೆಲ್, ಟೋಲ್ 61,500. ಆಫೀಸ್ ಕಮಿಷನ್ 11,800. ಟಯರ್ ಫಂಡ್ 6,000. ಕಂತು 42,000. ಕೆಳಗೆ ಕೆಂಪು ಪೆನ್ನಿನಲ್ಲಿ ‘ಬಾಕಿ 3,300, ಮುಂದಿನ ತಿಂಗಳಿಗೆ’. ತಿಂಗಳು ಪೂರ್ತಿ ಸ್ಟೇರಿಂಗ್ ಹಿಡಿದವರ ಸಂಬಳ, ಊಟ, ಯಾವುದೂ ಆ ಚೀಟಿಯಲ್ಲಿ ಇಲ್ಲ. ಅಕ್ಕ ಅದನ್ನು ಓದಿ, ‘ನೀವು ಅಲ್ಲಿ ಕೆಲಸ ಮಾಡ್ತಿದ್ದೀರೋ, ಅವರಿಗೆ ಸಾಲ ಕೊಡ್ತಿದ್ದೀರೋ’ ಅಂದಿದ್ದಳು. ಭಾವ ಮಾತಾಡಲಿಲ್ಲ.

ಜುಲೈ ಯಾಕೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಅಡಿಕೆ ಕೊಯ್ಲು ಶುರುವಾಗುವುದೇ ಮಳೆ ಬಿಟ್ಟ ಮೇಲೆ. ಮಳೆಗಾಲದಲ್ಲಿ ಹೊಳೆಯ ಮರಳು ತೆಗೆಯುವಂತಿಲ್ಲ, ಕಟ್ಟಡದ ಕೆಲಸ ಅರ್ಧಕ್ಕರ್ಧ ನಿಂತಿರುತ್ತದೆ. ಆಗುಂಬೆಯಲ್ಲಿ ಭಾರಿ ಗಾಡಿ ಬಿಡುವುದಿಲ್ಲ. ಹುಲಿಕಲ್ ಘಾಟಿಯಲ್ಲಿ ಗುಡ್ಡ ಜರಿದರೆ ಕರಾವಳಿಯ ಲೋಡು ಸುತ್ತು ಹಾಕಿಕೊಂಡು ಹೋಗಬೇಕು, ಇಲ್ಲ ಯಾರ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಬೇಕು. ಕಂತಿಗೆ ಮಾತ್ರ ಮಳೆಗಾಲ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳಿಗೆ ನಿಮ್ಮ ಕಂತೇ 1,92,000 ಆಗುತ್ತದೆ. ಬೇಸಿಗೆಯ ದುಡಿಮೆಯಲ್ಲಿ ಇಷ್ಟನ್ನು ಎತ್ತಿಡಲು ಆಗುತ್ತದಾ ಅಂತ ಮನೆಯವರ ಜೊತೆ ಕೂತು ನೋಡಿ.

ಒಂದೇ ಪಾರ್ಟಿಯ ಲೋಡು ನಂಬಿದರೆ ಏನಾಗುತ್ತದೆ ಅಂತ ಭದ್ರಾವತಿಯವರನ್ನು ಕೇಳಬೇಕು. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತಾಗ ಗಾಡಿ ಸ್ವಂತದ್ದಾಗಿದ್ದವರು ಬೇರೆ ಲೈನ್ ಹುಡುಕಿಕೊಳ್ಳಬಹುದಿತ್ತು. ಲೀಸಿನ ಗಾಡಿಯಾದರೆ ಬೇರೆಯವರ ಲೋಡ್ ಹಾಕುವಂತಿಲ್ಲ ಅಂತ ಷರತ್ತು ಇರುತ್ತದೆ ನೋಡಿ, ಅದು ಕೈ ಕಟ್ಟುತ್ತದೆ. ನಿಮ್ಮ ಅಗ್ರಿಮೆಂಟಿನಲ್ಲೂ ಆ ಷರತ್ತು ಇದ್ದರೆ ಹೊಡೆದು ಹಾಕಿಸಿ. ‘ಒಂದು ವಾರ ಲೋಡ್ ಕೊಡದಿದ್ದರೆ ಹೊರಗಿನ ಲೋಡ್ ಹಾಕಬಹುದು’ ಅಂತಾದರೂ ಬರೆಸಿ. ಇದಕ್ಕೆ ಒಪ್ಪದ ಮಾಲೀಕರ ಗಾಡಿಯನ್ನು ನಾನಂತೂ ಮುಟ್ಟುವುದಿಲ್ಲ.

ಅಮೆರಿಕದಲ್ಲಿ ಈ ಪದ್ಧತಿ ತುಂಬಾ ಹಳೆಯದು, ಲೀಸ್-ಪರ್ಚೇಸ್ ಅಂತಾರೆ. ಡ್ರೈವರ್‌ಗಳ ದೂರು ಜಾಸ್ತಿಯಾಗಿ, 2021ರ ಒಂದು ಕಾಯ್ದೆಯಡಿ ಅಲ್ಲಿನ ಸರ್ಕಾರ ಸಮಿತಿ ಮಾಡಿತು. 2025ರ ಜನವರಿಯಲ್ಲಿ ಆ ಸಮಿತಿ, ಇಂಥ ಸ್ಕೀಮುಗಳನ್ನು ನಿಷೇಧಿಸಬೇಕು ಅಂತಲೇ ಶಿಫಾರಸು ಮಾಡಿತು. ಗಾಡಿ ಕೊಡುವವರೂ ಲೋಡ್ ಕೊಡುವವರೂ ಒಬ್ಬರೇ ಆದಾಗ ಬರುವ ತೊಂದರೆ ಅಲ್ಲೂ ಇದೇ.

ಇನ್ನು ಹೆಸರಿನ ವಿಷಯ. ಆರ್‌ಸಿಯಲ್ಲಿ ಕಂಪನಿ ಹೆಸರಿದೆ, ಆಕ್ಸಿಡೆಂಟ್ ಆದರೆ ಅವರೇ ನೋಡಿಕೊಳ್ತಾರೆ ಅಂತ ನಂಬಿ ಕೂರಬೇಡಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೀಸ್ ಅಥವಾ ಹೈರ್ ಪರ್ಚೇಸ್ ಅಗ್ರಿಮೆಂಟ್ ಇರುವ ಗಾಡಿಗೆ, ಅದು ಯಾರ ವಶದಲ್ಲಿದೆಯೋ ಅವರೇ ಮಾಲೀಕರು. ಕಂತು ತಪ್ಪಿದಾಗ ಗಾಡಿ ಅವರದ್ದು, ಪರಿಹಾರ ಕೊಡುವಾಗ ನಿಮ್ಮದು ಅಂತ ಆಗಿಬಿಡಬಹುದು. ಇನ್ಶೂರೆನ್ಸ್ ಯಾವತ್ತೂ ಲ್ಯಾಪ್ಸ್ ಆಗದಂತೆ ನೀವೇ ಕಾಯಬೇಕು. ಮಾಲೀಕ-ಚಾಲಕನಿಗೆ ಅಂತ 15 ಲಕ್ಷದ ಅಪಘಾತ ವಿಮೆ ಇರುತ್ತದಲ್ಲ, ಅದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಆರ್‌ಸಿ ಕಂಪನಿ ಹೆಸರಲ್ಲಿದ್ದರೆ ನಿಮಗಾಗಿ ಬೇರೆ ಅಪಘಾತ ಪಾಲಿಸಿ ಮಾಡಿಸಿ. ಈಗ ಪಿಎಫ್ ಸಿಗುತ್ತಿದ್ದರೆ ಅದೂ ನಿಲ್ಲುತ್ತದೆ. ಕ್ಲೀನರ್ ಇಟ್ಟುಕೊಂಡರೆ ಅವನ ಜವಾಬ್ದಾರಿ ನಿಮ್ಮ ಮೇಲೆ.

ಓವರ್‌ಲೋಡ್ ಬಗ್ಗೆ ಎರಡೇ ಮಾತು. ಹತ್ತು ಚಕ್ರದ ಗಾಡಿಗೆ ಗಾಡಿ ತೂಕವೂ ಸೇರಿ 28.5 ಟನ್ ಮಿತಿ. ಮೀರಿದರೆ ದಂಡ 20,000, ಜಾಸ್ತಿಯಾದ ಪ್ರತಿ ಟನ್‌ಗೆ ಮತ್ತೆ 2,000. ಕಂತು ಕಟ್ಟುವ ಒತ್ತಡದಲ್ಲಿ ‘ಎರಡು ಟನ್ ಜಾಸ್ತಿ ಹಾಕಿ’ ಅಂದಾಗ ಬೇಡ ಅನ್ನಲು ಬಾಯಿ ಬರುವುದಿಲ್ಲ.

ಸಹಿ ಹಾಕುವ ದಿನ ಫಾರಂ 29, 30ನ್ನು ಖಾಲಿ ಇಟ್ಟು ಸಹಿ ಕೇಳಿದರೆ ಹಾಕಬೇಡಿ, ಅವು ಗಾಡಿ ವರ್ಗಾವಣೆಯ ಫಾರಂಗಳು. ಕೊನೆಯ ಕಂತು ಕಟ್ಟಿದ ಎಷ್ಟು ದಿನದೊಳಗೆ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಕೊಡುತ್ತಾರೆ, ಆರ್‌ಸಿಯಲ್ಲಿ ಲೀಸ್ ನಮೂದಾಗಿದ್ದರೆ ಅದನ್ನು ತೆಗೆಸಲು ಫಾರಂ 35 ಯಾವಾಗ ಕೊಡುತ್ತಾರೆ, ಇದೆಲ್ಲ ಬರಹದಲ್ಲಿರಲಿ. ಎರಡು ವರ್ಷ ಕಟ್ಟಿ ಆಗದೇ ಬಿಟ್ಟರೆ ಮುಂಗಡದಲ್ಲಿ ಎಷ್ಟು ವಾಪಸ್ ಅಂತಲೂ ಬರೆಸಿ. ನಾಲ್ಕು ವರ್ಷದ ಹೊತ್ತಿಗೆ ಗಾಡಿಗೆ ಒಂಬತ್ತು ವರ್ಷ ಆಗಿರುತ್ತದೆ. ಎಂಟು ದಾಟಿದ ಮೇಲೆ ಎಫ್‌ಸಿ ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್ ವರ್ಷ ವರ್ಷ ಮಾಡಿಸಬೇಕು. ಹತ್ತೂ ಟಯರ್ ಒಟ್ಟಿಗೆ ಹಾಕಿಸಿದರೆ ಎರಡು ಲಕ್ಷ ದಾಟುತ್ತದೆ.

ನನ್ನನ್ನು ಕೇಳಿದರೆ, ಇನ್ನೂ ಒಂದು ವರ್ಷ ಡ್ರೈವರ್ ಕೆಲಸದಲ್ಲೇ ಇದ್ದು, ಮುಂಗಡ ಇನ್ನಷ್ಟು ಸೇರಿಸಿ, ಸಣ್ಣದಾದರೂ ಸಾಲದ ಮೇಲೆ ನಿಮ್ಮ ಹೆಸರಿನ ಗಾಡಿ ತಗೊಂಡು ಇದೇ ಆಫೀಸಿಗೆ ಲೋಡ್ ಕೇಳಲು ಹೋಗುವುದು ವಾಸಿ. ಮುದ್ರಾ ಸಾಲ ಸರಕು ಸಾಗಿಸುವ ಗಾಡಿಗೂ ಸಿಗುತ್ತದೆ, 10 ಲಕ್ಷದವರೆಗೆ ಜಾಮೀನು ಕೇಳುವುದಿಲ್ಲ. ಆದರೂ ಲೀಸೇ ಬೇಕು ಅನ್ನಿಸಿದರೆ, ಅದೇ ಸ್ಕೀಮಿನಲ್ಲಿ ಓಡುತ್ತಿರುವ ಇನ್ನೊಂದು ಗಾಡಿಯ ಕಳೆದ ಮಳೆಗಾಲದ ಸೆಟ್ಲ್‌ಮೆಂಟ್ ಚೀಟಿ ತೋರಿಸಿ ಅಂತ ಕೇಳಿ. ಆಫೀಸಿನವರು ತೋರಿಸದಿದ್ದರೆ ಆ ಡ್ರೈವರನ್ನೇ ಚಹಾಕ್ಕೆ ಕರೆದುಕೊಂಡು ಹೋಗಿ ಕೇಳಿ. ಚೀಟಿ ಸಿಕ್ಕರೆ ನನಗೂ ಒಂದು ಫೋಟೋ ಕಳಿಸಿ, ಜುಲೈ ತಿಂಗಳದ್ದೇ ಇರಲಿ.