ಪ್ಯಾಂಗಾಂಗ್ ಮೇಲಿನ ಬೆಳಕು: ಸೇನೆಯ ತನಿಖೆ ಸಾಗಿದ ದಾರಿ

ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರಿಗೆ ಹಾರುವ ತಟ್ಟೆ ಕಂಡಿತ್ತು ಅನ್ನುವ ಮಾತು ಇವತ್ತಿಗೂ ಆಗಾಗ ಕೇಳಿಬರುತ್ತದೆ. ಅದು ಚೀನಾದ ಡ್ರೋನ್ ಅನ್ನುವವರಿದ್ದಾರೆ, ಗ್ರಹ ಅನ್ನುವವರೂ ಇದ್ದಾರೆ. ಈ ಮೂರೂ ಮಾತು ಒಂದೊಂದು ಹಂತದಲ್ಲಿ ಪತ್ರಿಕೆಯಲ್ಲಿ ಬಂದವೇ. ಗೋಜಲು ಶುರುವಾಗಿದ್ದೇ ಅಲ್ಲಿ.

1962ರ ಯುದ್ಧದ ನಂತರ ಇಲ್ಲಿ ಎರಡೂ ದೇಶ ಒಪ್ಪಿದ ಗಡಿಗೆರೆ ಇಲ್ಲ. ಹಾಗಾಗಿ ಆ ಕಡೆಯಿಂದ ಏನು ಬಂದರೂ ಬರೆದಿಡುವುದು ಕಾವಲಿನವರ ಕೆಲಸ. 2012ರ ಆಗಸ್ಟ್‌ನಿಂದ ಪ್ಯಾಂಗಾಂಗ್ ಸರೋವರದ ಹತ್ತಿರ ಅವರು ಬರೆದದ್ದು ಇದು: ಹಳದಿ ಬೆಳಕಿನ ಉಂಡೆಯೊಂದು ಚೀನಾ ಕಡೆಯ ದಿಗಂತದಿಂದ ಮೇಲೇಳುತ್ತದೆ, ಮೂರರಿಂದ ಐದು ಗಂಟೆ ನಿಧಾನಕ್ಕೆ ಸಾಗುತ್ತದೆ, ಮರೆಯಾಗುತ್ತದೆ. ಮುಂದಿನ ಫೆಬ್ರವರಿ ಹೊತ್ತಿಗೆ ಇಂಥ 329 ದಾಖಲೆಗಳಾದವು. ಅದರಲ್ಲಿ 155 ಸಲ ಬೆಳಕು ಗಡಿ ದಾಟಿತು ಅಂತಲೂ ಬರೆದಿತ್ತು.

ಸೇನೆ ಸುಮ್ಮನೆ ಕೂರಲಿಲ್ಲ. ರೇಡಾರ್ ತಂದರು, ಅದರಲ್ಲಿ ಏನೂ ಸಿಗಲಿಲ್ಲ. ಡ್ರೋನ್ ಹಾರಿಸಿದರು, ಅದು ಏರುವಷ್ಟು ಏರಿದರೂ ಬೆಳಕಿನ ಹತ್ತಿರ ಹೋಗಲಿಲ್ಲ. ಲಡಾಖ್‌ನಲ್ಲೇ ಇರುವ ಹಾನ್ಲೆ ಖಗೋಳ ವೀಕ್ಷಣಾಲಯದವರೂ ಬಂದು ನೋಡಿದರು. ಇದು ಗ್ರಹವಲ್ಲ ಅಂತ ಅವರು ಹೇಳಿದ್ದಾಗಿ 2012ರ ನವೆಂಬರ್‌ನಲ್ಲಿ ಸುದ್ದಿ ಬಂತು. ಊಹೆಗಳಿಗೆ ರೆಕ್ಕೆ ಬಂದದ್ದು ಆಗಲೇ.

ಆಮೇಲೆ ಬೆಂಗಳೂರಿನ ಖಗೋಳ ಸಂಶೋಧನಾ ಸಂಸ್ಥೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಕೆಲಸ ಒಪ್ಪಿಸಲಾಯಿತು. ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುವುದು ಇದೇ ಸಂಸ್ಥೆ. ಈ ಬೆಳಕು ಆಕಾಶದ್ದೋ ಭೂಮಿಯದ್ದೋ, ಅದನ್ನಷ್ಟು ಹೇಳಿ ಅಂತ ಕೇಳಿದ್ದರು. ಉಪಾಯ ಸರಳ. ಬೆಳಕು ನಕ್ಷತ್ರಗಳ ನಡುವೆ ಎಲ್ಲಿದೆ ಅಂತ ದಿನಾ ಗುರುತು ಮಾಡಬೇಕು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಹುಟ್ಟುತ್ತವೆ, ತಿಂಗಳಿಗೆ ಎರಡು ಗಂಟೆ. ಡ್ರೋನ್ ಹಾರಿಸುವವರು ಅಷ್ಟು ಕರಾರುವಾಕ್ಕಾಗಿ ತಿಂಗಳುಗಟ್ಟಲೆ ನಡೆದುಕೊಳ್ಳಲ್ಲ, ಅಲ್ವಾ? ಈ ಬೆಳಕುಗಳು ನಕ್ಷತ್ರಗಳ ಜೊತೆಗೇ ಸಾಗುತ್ತಿದ್ದವು.

ಸಂಜೆ ಆರರ ಸುಮಾರಿಗೆ ಕಂಡದ್ದು ಗುರು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಂಡದ್ದು ಶುಕ್ರ, ನಮ್ಮ ರೈತರ ಬೆಳ್ಳಿ. 2012ರ ಡಿಸೆಂಬರ್ 3ಕ್ಕೆ ಗುರು ಸೂರ್ಯನ ನೇರ ಎದುರಿಗೆ ಬಂದಿತ್ತು. ಆ ದಿನಗಳಲ್ಲಿ ಸೂರ್ಯ ಮುಳುಗುತ್ತಿದ್ದಂತೆ ಅದು ಪೂರ್ವದಲ್ಲಿ ಮೇಲೇಳುತ್ತದೆ. ಪ್ಯಾಂಗಾಂಗ್‌ನಲ್ಲಿ ಪೂರ್ವ ಅಂದರೆ ಚೀನಾ ಕಡೆ. ಅಲ್ಲಿಂದ ಪಶ್ಚಿಮಕ್ಕೆ ಬರುವಾಗ ಗಡಿ ದಾಟಿದ ಹಾಗೇ ಕಾಣುತ್ತದೆ, ಯಾಕೆಂದರೆ ಕತ್ತಲಲ್ಲಿ ಒಂಟಿ ಬೆಳಕು ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಗುರು ಆಗ 60 ಕೋಟಿ ಕಿಲೋಮೀಟರ್ ಆಚೆ ಇತ್ತು. ರೇಡಾರ್‌ಗೆ ಸಿಗುವುದಾದರೂ ಹೇಗೆ? ಪ್ಯಾಂಗಾಂಗ್‌ನ ಎತ್ತರ 4,200 ಮೀಟರ್‌ಗಿಂತ ಜಾಸ್ತಿ. ಗಾಳಿ ತೆಳು, ಧೂಳು ಕಡಿಮೆ, ಹಾಗಾಗಿ ಗ್ರಹಗಳು ಹೆಚ್ಚು ಪ್ರಖರ. ಆ ಕಡೆಯಿಂದ ಡ್ರೋನ್ ಬರುವ ಭಯವೂ ನಿಜವಾದದ್ದೇ ಆಗಿತ್ತು, ಹಾಗಾಗಿ ಕಾವಲಿನವರು ಅನುಮಾನಪಟ್ಟದ್ದು ಸಹಜ.

ಈ ಉತ್ತರ ಹೊರಬಂದದ್ದು 2013ರ ಜುಲೈನಲ್ಲಿ. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಲಡಾಖ್ ಗಡಿಯ ದೆಪ್ಸಾಂಗ್ ಬಯಲಿನಲ್ಲಿ ಎರಡೂ ಸೇನೆಗಳು ಎದುರುಬದುರು ಡೇರೆ ಹಾಕಿ ನಿಂತಿದ್ದವು. ಅಂಥ ಹೊತ್ತಿನಲ್ಲಿ 155 ಅತಿಕ್ರಮಣ ಅನ್ನುವ ಲೆಕ್ಕ ಎಷ್ಟು ಭಾರದ್ದು! ಆ ಚಳಿಯಲ್ಲಿ ರಾತ್ರಿಯಿಡೀ ನಿಂತು ಸಮಯ, ದಿಕ್ಕು ಬರೆದಿಟ್ಟವರ ಕೆಲಸ ಸಣ್ಣದಲ್ಲ. ಗ್ರಹವಲ್ಲ ಅನ್ನುವ ಸುದ್ದಿ ಎಂಟೇ ತಿಂಗಳಲ್ಲಿ ಗ್ರಹವೇ ಅಂತ ಬದಲಾದದ್ದು ಹೇಗೆ? ಬಹುತೇಕ ಜನಕ್ಕೆ ಸಿಕ್ಕಿದ್ದು ಎರಡು ಸುದ್ದಿ ತುಣುಕು ಮಾತ್ರ. ಎರಡೂ ತನಿಖೆಯ ವಿವರಗಳನ್ನು ಪಕ್ಕಪಕ್ಕ ಇಟ್ಟು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದರೆ ಹಾರುವ ತಟ್ಟೆಯ ಮಾತು ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಈಗಲೂ ಆ ಕೆಲಸ ಮಾಡಬಹುದು.